ಕ್ಯಾಸ್ಪೊಫಂಗಿನ್ ಇಂಜೆಕ್ಷನ್: ಮದ್ದು ಗಟ್ಟಿ, ಕೈ ತಪ್ಪಿದರೆ ದುಡ್ಡೂ ದಂಡ, ದಿನವೂ ದಂಡ

ಐಸಿಯುನಲ್ಲಿ ದಿನಗಟ್ಟಲೆ ಮಲಗಿದವರಿಗೆ ಆಂಟಿಬಯಾಟಿಕ್ ಬದಲಿಸಿದರೂ ಜ್ವರ ಬಿಡುವುದಿಲ್ಲ, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುತ್ತದೆ, ಬ್ಲಡ್ ಕಲ್ಚರ್‌ನಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಬಂದಿದೆ ಎನ್ನುತ್ತಾರೆ. ಆಗ ಮನೆಯವರ ಕೈಗೆ ಬರುವ ಚೀಟಿಯಲ್ಲಿ ಕ್ಯಾಸ್ಪೊಫಂಗಿನ್ ಎಂಬ ಫಂಗಸ್ ಮದ್ದು ಇರಬಹುದು. ರಕ್ತಕ್ಕಿಳಿದ ಕ್ಯಾಂಡಿಡಾ ಎಂಬ ಯೀಸ್ಟಿಗೆ ಮೊದಲ ಸಾಲಿನ ಮದ್ದು ಇದು ಸೇರಿದ ಎಕಿನೊಕ್ಯಾಂಡಿನ್ ಗುಂಪಿನದು. ಫ್ಲುಕೊನಜೋಲ್ ಎಂಬ ಇನ್ನೊಂದು ಫಂಗಸ್ ಮದ್ದಿಗೆ ಸಾಮಾನ್ಯವಾಗಿ ಬಗ್ಗದ ಕ್ಯಾಂಡಿಡಾ ಆರಿಸ್ ಎಂಬ ಜಾತಿ ಕೂಡ ಬಹುಮಟ್ಟಿಗೆ ಇದಕ್ಕೆ ಬಗ್ಗುತ್ತದೆ.

ಶಿಲೀಂಧ್ರದ ಗೋಡೆಯಲ್ಲಿರುವ ಗ್ಲುಕಾನ್ ಎಂಬ ವಸ್ತು ತಯಾರಾಗುವುದನ್ನೇ ಇದು ತಡೆಯುತ್ತದೆ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ. ಹಾಗಾಗಿ ಹಳೆಯ ಫಂಗಸ್ ಮದ್ದಾದ ಆಂಫೊಟೆರಿಸಿನ್‌ನಂತೆ ಕಿಡ್ನಿಯನ್ನು ಹಿಂಡುವುದಿಲ್ಲ. ಡಯಾಲಿಸಿಸ್‌ನಲ್ಲಿದ್ದರೂ ಡೋಸ್ ಅದೇ: ದೊಡ್ಡವರಿಗೆ ಮೊದಲ ದಿನ 70 ಮಿ.ಗ್ರಾಂ, ಆಮೇಲೆ ದಿನಕ್ಕೆ 50. ಲಿವರ್ ಮಧ್ಯಮ ಮಟ್ಟಕ್ಕೆ ಕೆಟ್ಟಿದ್ದರೆ ಎರಡನೇ ದಿನದಿಂದ 35. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ದಿನವೂ 70.

ಎಡವುವುದು ಕಲೆಸುವಾಗ. ಇದು ಗ್ಲೂಕೋಸ್ ಬಾಟಲಿಯಲ್ಲಿ ನಿಲ್ಲುವುದಿಲ್ಲ, ಕೆಡುತ್ತದೆ. ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಮಾತ್ರ. ಆಂಫೊಟೆರಿಸಿನ್‌ಗೆ ಇದರ ತದ್ವಿರುದ್ಧ, ಅದಕ್ಕೆ ಗ್ಲೂಕೋಸೇ ಬೇಕು, ಸಲೈನ್ ಆಗದು. ಎರಡೂ ಫಂಗಸ್ ಮದ್ದೇ ಎಂದು ಅಭ್ಯಾಸಬಲದಿಂದ ಒಂದೇ ಬಾಟಲಿ ಎತ್ತಿಕೊಂಡರೆ ಆ ದಿನದ ಡೋಸ್ ಹೋಯಿತು. ವಯಲನ್ನು (ಮದ್ದಿನ ಪುಡಿ ಇರುವ ಪುಟ್ಟ ಸೀಸೆ) ಫ್ರಿಜ್‌ನಿಂದ ತೆಗೆದು ಕೋಣೆಯ ಬಿಸುಪಿಗೆ ಬರಲು ಬಿಡಿ. ಲೇಬಲ್ ಹೇಳಿದಷ್ಟು ದ್ರವ ಹಾಕಿ (ಕಂಪನಿಯ ಮೇಲೆ 10.5 ಅಥವಾ 10.8 ಮಿ.ಲೀ.), ಮೆಲ್ಲಗೆ ಆಡಿಸಿ. ಪುಡಿ ಕರಗಿ ತಿಳಿಯಾಗಬೇಕು. ಮಬ್ಬಾಗಿದ್ದರೆ, ಕಣ ಕಂಡರೆ ಬಳಸಬೇಡಿ. 10 ಮಿ.ಲೀ. ಎಳೆದು 250 ಮಿ.ಲೀ. ಸಲೈನ್‌ಗೆ ಸೇರಿಸಿ ಸುಮಾರು 1 ಗಂಟೆ ನಿಧಾನವಾಗಿ ಬಿಡಿ. ನೀರು ಕಡಿಮೆ ಕೊಡಬೇಕಾದ ರೋಗಿಗೆ 50ರ ಡೋಸನ್ನು 100 ಮಿ.ಲೀ.ಯಲ್ಲೂ ಕೊಡಬಹುದು. ಮೈ ಕೆಂಪಾಗುವುದು, ತುರಿಕೆ, ಮುಖ ಊದುವುದು ಕಂಡರೆ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಅದೇ ಲೈನಿನಲ್ಲಿ ಬೇರೆ ಮದ್ದು ಬೆರೆಸಬೇಡಿ.

ಮಲೆನಾಡಿನಲ್ಲಿ ಇನ್ನೊಂದು ತೊಡಕು ತಂಪಿನದು. ವಯಲ್ 2ರಿಂದ 8 ಡಿಗ್ರಿಯಲ್ಲಿರಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದ ಮನೆಯವರು ಶಿವಮೊಗ್ಗದಲ್ಲಿ ಸಿಗದೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸುವುದುಂಟು. ಥರ್ಮೋಕೋಲ್ ಡಬ್ಬಿ, ಬಟ್ಟೆ ಸುತ್ತಿದ ಐಸ್ ಪ್ಯಾಕ್ ಕೇಳಿ ಪಡೆಯಿರಿ. ಗಡ್ಡೆಕಟ್ಟಿದ ಪ್ಯಾಕ್ ನೇರ ವಯಲ್‌ಗೆ ತಾಗಬಾರದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಊರಲ್ಲಿ ಮನೆ ಫ್ರಿಜ್ಜನ್ನು ನಂಬಿ ನಾಲ್ಕು ದಿನದ್ದು ಇಟ್ಟುಕೊಳ್ಳಬೇಡಿ, ನೇರ ಆಸ್ಪತ್ರೆಯ ಫಾರ್ಮಸಿಗೆ ಕೊಡಿ. ಬಿಸಿ ತಾಗಿದ ಪುಡಿಯೂ ಬಿಳಿಯಾಗಿಯೇ ಇರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೊದಲ ದಿನಕ್ಕೆ 70ರ ವಯಲ್ ಇದೆಯಾ ಎಂದು ಅಂಗಡಿಯಲ್ಲಿ ಕೇಳಿ. ಇಲ್ಲದಿದ್ದರೆ 50ರದ್ದು ಎರಡು ಒಡೆಯಬೇಕು, ಉಳಿದದ್ದು ಚೆಲ್ಲಿದಂತೆಯೇ.

ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರಲಿ. ಮೂತ್ರ, ಕಣ್ಣು, ಮಿದುಳು ಈ ಮೂರಕ್ಕೂ ಇದು ಸಾಕಷ್ಟು ತಲುಪುವುದಿಲ್ಲ. ಕಪ್ಪು ಫಂಗಸ್ ಎಂದು ಕೋವಿಡ್ ಕಾಲದಲ್ಲಿ ಹೆಸರಾದ ಮ್ಯೂಕರ್ ಮೇಲೆ, ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಶಿಲೀಂಧ್ರದ ಮೇಲೆ ಇದರ ಕೆಲಸವಿಲ್ಲ. ಕಫದಲ್ಲಿ ಕ್ಯಾಂಡಿಡಾ ಬಂದಿತೆಂಬ ಒಂದೇ ಕಾರಣಕ್ಕೆ ಇದನ್ನು ಶುರುಮಾಡುವುದು ನಮಗೆ ಸರಿ ಕಾಣುವುದಿಲ್ಲ. ಅದು ಹೆಚ್ಚಿನ ಸಲ ಸುಮ್ಮನೆ ಅಲ್ಲಿ ಕೂತಿರುವಂಥದ್ದು.

ಮದ್ದು ಎಷ್ಟೇ ಒಳ್ಳೆಯದಿರಲಿ, ಸೋಂಕಿನ ಬೇರು ಸೆಂಟ್ರಲ್ ಲೈನಿನಲ್ಲಿದ್ದರೆ ಅದನ್ನು ತೆಗೆಯಬೇಕು, ಇಲ್ಲವಾದರೆ ಕಲ್ಚರ್ ಮತ್ತೆ ಮತ್ತೆ ಪಾಸಿಟಿವ್ ಬರುತ್ತದೆ. ಜ್ವರ ಇಳಿಯಿತೆಂದು ಡ್ರಿಪ್ ನಿಲ್ಲಿಸುವಂತಿಲ್ಲ. ಬೇರೆ ಅಂಗಕ್ಕೆ ಹರಡಿಲ್ಲದಿದ್ದರೆ ಚಿಕಿತ್ಸೆಯ ದಿನಗಳ ಎಣಿಕೆ ಶುರುವಾಗುವುದು ಕಲ್ಚರ್ ಮೊದಲ ಬಾರಿ ನೆಗೆಟಿವ್ ಬಂದ ದಿನದಿಂದ, ಅಲ್ಲಿಂದ 14 ದಿನ. ಅಷ್ಟರೊಳಗೆ, ಕಣ್ಣಿಗೆ ಹರಡಿಲ್ಲವೇ ಎಂದು ತಿಳಿಯಲು, ಕಣ್ಣಿನ ಡಾಕ್ಟರಿಂದ ರೆಟಿನಾ ಒಮ್ಮೆ ನೋಡಿಸಿ.