ಡಬ್ಬದ ಪುಡಿಯೋ, ಕುಕ್ಕರಿನ ಹುರಳಿಯೋ: ಒಂಬತ್ತು ತಿಂಗಳು ಎರಡನ್ನೂ ನೋಡಿದೆ

ದಸರಾ ರಜೆಗೆ ಅಣ್ಣನ ಮಗ ಬೆಂಗಳೂರಿನ ಪಿಜಿಯಿಂದ ಮೈಸೂರಿಗೆ, ನಮ್ಮ ಮನೆಗೆ ಬಂದ. ಬ್ಯಾಗಿನಲ್ಲಿ ಬಟ್ಟೆಗಿಂತ ಜಾಸ್ತಿ ಜಾಗ ಹಿಡಿದಿದ್ದು ಮೂರು ಕೆಜಿಯ ಒಂದು ಡಬ್ಬ. ಮಾಸ್ ಗೇನರ್, ಅಂದರೆ ತೂಕ ಏರಿಸಲು ಕುಡಿಯುವ ಪುಡಿ. ಎಷ್ಟಾಯ್ತೋ ಅಂದೆ. ಮೊದಲು ಹೇಳಲಿಲ್ಲ. ರಾತ್ರಿ ಊಟ ಆದಮೇಲೆ ಬಾಯಿಬಿಟ್ಟ. ಎರಡು ತಿಂಗಳು ಸಂಜೆ ತಿಂಡಿ ಬಿಟ್ಟಿದ್ದಾನೆ, ಎಷ್ಟೋ ದಿನ ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದಾನೆ. ಹಾಗೆ ಉಳಿಸಿದ ದುಡ್ಡಲ್ಲಿ ಕೊಂಡಿದ್ದು. ಊಟ ಬಿಟ್ಟು ಪುಡಿ ಕೊಳ್ಳುವುದು! ನನಗೆ ಹೊಟ್ಟೆ ಉರಿಯಿತು. ನಾನು ಬೈಯುವ ಮೊದಲೇ ಅವನು ಕೇಳಿದ: "ಅತ್ತೆ, ನಿಮ್ಮ ಅಡುಗೆಮನೇಲೂ ಎರಡು ಡಬ್ಬ ಇದೆಯಲ್ಲ? ನೀವು ತಗೋಬಹುದು, ನಾನು ತಗೋಬಾರ್ದಾ?"

ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದನ್ನು ತೆಗೆದು ಅವನ ಮುಂದಿಟ್ಟು ಕೂತೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 39. ಬ್ಯಾಂಕ್ ಕೆಲಸ, ಇಡೀ ದಿನ ಕುರ್ಚಿ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ವರ್ಷ ನಾನು ಜಿಮ್ ಸೇರಿದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 50 ನಿಮಿಷ. ಸ್ಪರ್ಧೆಗೆ ಹೋಗುವ ಆಸೆ ಇಲ್ಲ. 70ರಲ್ಲಿ ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಏಳಬೇಕು, ಅಷ್ಟೇ. ಸೇರಿದ ಎರಡನೇ ವಾರಕ್ಕೇ ಟ್ರೈನರ್ ಒಂದು ಚೀಟಿ ಕೊಟ್ಟರು: ವೇ ಪ್ರೊಟೀನ್, ಬಿಸಿಎಎ, ಪ್ರೀ-ವರ್ಕೌಟ್ (ಕಸರತ್ತಿಗೆ ಮೊದಲು ಹುರುಪಿಗೆ ಕುಡಿಯುವುದು), ಕ್ರಿಯಾಟಿನ್. ಎಲ್ಲ ಪುಡಿಗಳೇ. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. ಒಟ್ಟಿಗೆ ಕೊಂಡರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ ಅಲ್ವಾ? ಅದಕ್ಕೆ ಹತ್ತತ್ತು ವಾರಕ್ಕೆ ಒಂದೊಂದು ಅಂತ ನೋಡೋಣ ಅಂದುಕೊಂಡೆ.

ಮೊದಲ ಹತ್ತು ವಾರ ಏನನ್ನೂ ಬದಲಿಸಲಿಲ್ಲ. ಮನೆಯಲ್ಲಿ ತಿನ್ನುತ್ತಿದ್ದುದನ್ನೇ ತಿಂದೆ. ಆದರೆ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದೆ. ಇಡೀ ಪ್ರಯೋಗದಲ್ಲಿ ನನ್ನ ಕಣ್ಣು ತೆರೆಸಿದ್ದು ಇದೇ. ಒಂದು ತಟ್ಟೆ ಉಪ್ಪಿಟ್ಟು, ಒಂದು ಲೋಟ ಕಾಫಿ: ಪ್ರೊಟೀನ್ ಏಳು ಗ್ರಾಂ ಇದ್ದರೆ ಹೆಚ್ಚು. ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮೊಸರು: ಹದಿನಾಲ್ಕು. ಸಾರು ಅಂದರೆ ತಿಳಿಸಾರು. ಬೇಳೆ ತಳದಲ್ಲಿ ಉಳಿಯುತ್ತದೆ, ಬಡಿಸುವ ಸೌಟು ಮೇಲೆ ಆಡುತ್ತದೆ. ಸಂಜೆ ಬಿಸ್ಕತ್ತು. ರಾತ್ರಿ ಚಪಾತಿ. ಎಲ್ಲ ಕೂಡಿದರೆ 40 ಗ್ರಾಂ. ನನ್ನ ತೂಕ 62 ಕೆಜಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಸಾಮಾನ್ಯ ವಯಸ್ಕರಿಗೆ ಕೆಜಿಗೆ ದಿನಕ್ಕೆ 0.83 ಗ್ರಾಂ ಬೇಕು. ಅಂದರೆ ನನಗೆ 51. ಜಿಮ್ ಮಾತು ಹಾಗಿರಲಿ, ಸುಮ್ನೆ ಮನೆಯಲ್ಲಿ ಕೂರುವುದಕ್ಕೆ ಬೇಕಾದಷ್ಟೂ ನಾನು ತಿನ್ನುತ್ತಿರಲಿಲ್ಲ. ಭಾರ ಎತ್ತುವವರಿಗೆ ಕೆಜಿಗೆ 1.4ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು, ಅದಕ್ಕಿಂತ ಮೇಲೆ ತಿಂದರೆ ಹೇಳಿಕೊಳ್ಳುವಂಥ ಲಾಭ ಇಲ್ಲ ಅನ್ನುವುದು ಈ ವಿಷಯ ಓದಿದವರ ಅಂದಾಜು. ನನಗೆ ಅದು ಸುಮಾರು 90 ಗ್ರಾಂ. ಅಂದರೆ ದಿನಕ್ಕೆ 50 ಗ್ರಾಂ ಖೋತಾ!

ಹಾಗಿದ್ದೂ ಆ ಹತ್ತು ವಾರದಲ್ಲಿ ನನ್ನ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು) 30 ಕೆಜಿಯಿಂದ 37.5ಕ್ಕೆ ಏರಿತು. ಹೊಸಬರಿಗೆ ಮೊದಮೊದಲು ಏನು ತಿಂದರೂ ಬಲ ಬರುತ್ತದೆ, ದೇಹ ಚಲನೆಯನ್ನು ಕಲಿಯುತ್ತಿರುತ್ತದೆ. "ಪುಡಿ ಶುರು ಮಾಡಿದ ತಿಂಗಳಲ್ಲೇ ವ್ಯತ್ಯಾಸ ಕಂಡಿತು" ಅನ್ನುವವರ ಮಾತು ಕೇಳುವಾಗ ಇದು ನೆನಪಿರಲಿ. ಅವರೂ ಹೆಚ್ಚಿನಂಶ ಆ ತಿಂಗಳೇ ಜಿಮ್ ಸೇರಿರುತ್ತಾರೆ.

ಎರಡನೇ ಹತ್ತು ವಾರ ವೇ. ದಿನಕ್ಕೆ ಎರಡು ಸ್ಕೂಪ್. ಒಂದು ಸ್ಕೂಪ್ 33 ಗ್ರಾಂ ಪುಡಿ, ಅದರಲ್ಲಿ 24 ಗ್ರಾಂ ಪ್ರೊಟೀನ್. ವೇ ಅಂದರೆ ಏನೋ ಕೆಮಿಕಲ್ ಅಂತ ನಮ್ಮ ಅತ್ತೆಮ್ಮ ಹೆದರಿದ್ದರು. ಹಾಲು ಒಡೆದು ಪನೀರ್ ಮಾಡುವಾಗ ಬಟ್ಟೆಯಿಂದ ಸೋರುವ ತಿಳಿನೀರು ಇದೆಯಲ್ಲ, ಅದನ್ನೇ ಸೋಸಿ ಒಣಗಿಸಿದ್ದು ಅಂತ ತೋರಿಸಿದ ಮೇಲೆ ಸಮಾಧಾನವಾಯಿತು. ಕೆಎಂಎಫ್‌ನವರು 2024ರ ಡಿಸೆಂಬರ್‌ನಲ್ಲಿ ತಂದ ನಂದಿನಿ ಇಡ್ಲಿ-ದೋಸೆ ಹಿಟ್ಟಿಗೂ ಇದೇ ವೇ ಪ್ರೊಟೀನ್ ಸೇರಿಸಿದ್ದಾರೆ.

ಸ್ಕ್ವಾಟ್ 37.5ರಿಂದ 47.5ಕ್ಕೆ ಹೋಯಿತು. ಮಾರನೇ ದಿನದ ಮೈಕೈ ನೋವು ಕಡಿಮೆ ಆಯಿತು. ಎರಡು ನಿಮಿಷದ ಕೆಲಸ, ನೀರಿಗೆ ಹಾಕಿ ಅಲ್ಲಾಡಿಸಿ ಕುಡಿದರೆ ಮುಗಿಯಿತು. ಕ್ಯಾಲೊರಿಯೂ ಕಡಿಮೆ, ಸ್ಕೂಪಿಗೆ 120ರ ಆಸುಪಾಸು. ತೂಕ ಇಳಿಸುವವರಿಗೆ ಇದು ನಿಜವಾಗಿಯೂ ಅನುಕೂಲ. ತೊಂದರೆ ಎರಡು. ನಾನು ಮೊದಲು ತಂದಿದ್ದು ಕಾನ್ಸಂಟ್ರೇಟ್ ಅನ್ನುವ ಬಗೆ, ಅದರಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇತ್ತು, ಹೊಟ್ಟೆ ಉಬ್ಬರಿಸಿತು. ಇನ್ನೂ ಹೆಚ್ಚು ಸೋಸಿದ ಐಸೊಲೇಟ್‌ಗೆ ಬದಲಿಸಿದಾಗ ಸರಿಹೋಯಿತು, ಆದರೆ ಬೆಲೆ ಇನ್ನೂ ಜಾಸ್ತಿ. ಎರಡನೆಯದು ದುಡ್ಡು. ಕೆಜಿಗೆ 2,800 ರೂಪಾಯಿ ಅಂದರೂ ಒಂದು ಸ್ಕೂಪಿಗೆ 90ರ ಮೇಲೆ, ತಿಂಗಳಿಗೆ ಐದೂವರೆ ಸಾವಿರ.

ಒಂದು ಸಲ ಪೇಟೆಯ ಅಂಗಡಿಯಲ್ಲಿ "ಆಫರ್" ಅಂತ ಕಡಿಮೆಗೆ ಸಿಕ್ಕಿತು. ಮನೆಗೆ ತಂದು ಮುಚ್ಚಳ ತೆಗೆದರೆ ಒಳಗಿನ ಸೀಲ್ ಒಂದು ಅಂಚಿನಲ್ಲಿ ಎದ್ದಿತ್ತು. ಪುಡಿಯನ್ನು ನೀರಿಗೆ ಹಾಕಿದರೆ ತಳದಲ್ಲಿ ಮರಳಿನ ಹಾಗೆ ನಿಂತಿತು. ವಾಪಸ್ ತಗೊಳ್ಳಲಿಲ್ಲ. ಬಚ್ಚಲಿಗೆ ಸುರಿದೆ. ಡಬ್ಬದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ, ಸೀಲ್ ಗಟ್ಟಿ ಇದೆಯಾ ಅಂತ ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲೇ ನೋಡಿ. ದಯವಿಟ್ಟು ನೋಡಿ.

ಮೂರನೇ ಹತ್ತು ವಾರ ಅಡುಗೆಮನೆ. ವೇ ಡಬ್ಬ ಮೇಲಿನ ಶೆಲ್ಫಿಗೆ ಹೋಯಿತು. ರಾತ್ರಿ ಒಂದು ಹಿಡಿ ಹುರಳಿಕಾಳನ್ನೋ ಕಡಲೆಕಾಳನ್ನೋ ನೆನೆಹಾಕುವುದು. ಬೆಳಿಗ್ಗೆ ಕುಕ್ಕರಿನಲ್ಲಿ ನಾಲ್ಕು ಕೂಗು. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಒಂದಿಷ್ಟು ತೆಂಗಿನತುರಿ. ಒಣಗಿದ ಕಾಳು 40 ಗ್ರಾಂ ಇದ್ದರೆ ಒಂಬತ್ತು ಗ್ರಾಂ ಪ್ರೊಟೀನ್. ಬೇಯಿಸಿದ ಕಟ್ಟು ಮಧ್ಯಾಹ್ನದ ಸಾರಿಗೆ ಆಯಿತು. ಮೂರು ಮೊಟ್ಟೆ, 18 ಗ್ರಾಂ. ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು, ಏಳು. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿದ ಕಡಲೇಕಾಯಿ ಬೀಜ, ಆರು. ರಾತ್ರಿ ಪಲ್ಯಕ್ಕೆ 30 ಗ್ರಾಂ ಸೋಯಾ ಚಂಕ್ಸ್, ಅದೊಂದರಲ್ಲೇ ಹದಿನೈದು. ಸೋಯಾವನ್ನು ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ, ಸಾಗು ಮಸಾಲೆ ಹಾಕಿದರೆ ಮಕ್ಕಳೂ ತಿನ್ನುತ್ತಾರೆ. ಹಿಂಡದಿದ್ದರೆ ಹಸಿ ವಾಸನೆ ಹೋಗುವುದಿಲ್ಲ.

ಲೆಕ್ಕ ಹಾಕಿದೆ. ಖೋತಾ ತುಂಬಿತು. ದಿನಕ್ಕೆ ಹೆಚ್ಚಿನ ಖರ್ಚು 50 ರೂಪಾಯಿ ಒಳಗೆ. ಸ್ಕ್ವಾಟ್ 47.5ರಿಂದ 55ಕ್ಕೆ ಬಂತು. ವೇ ಕುಡಿದಾಗ 10 ಕೆಜಿ, ಇಲ್ಲಿ ಏಳೂವರೆ. ಇದನ್ನು ನೋಡಿ ವೇ ಗೆದ್ದಿತು ಅನ್ನಬೇಡಿ. ಮೇಲೆ ಹೋದಷ್ಟೂ ಏರುವುದು ನಿಧಾನವಾಗುತ್ತದೆ, ವೇ ಪುಡಿಗೆ ಮೊದಲ ಸರದಿ ಸಿಕ್ಕಿತ್ತು. ನನ್ನ ಮೈಗೆ ಎರಡರ ನಡುವೆ ವ್ಯತ್ಯಾಸ ತಿಳಿಯಲಿಲ್ಲ. ಪ್ರೊಟೀನ್ ಎಷ್ಟು ಅನ್ನುವುದನ್ನು ಮೈ ಗಮನಿಸಿತು, ಎಲ್ಲಿಂದ ಅನ್ನುವುದನ್ನಲ್ಲ. ಕಾಳಿನ ಮೊದಲ ವಾರ ಗ್ಯಾಸ್ ಆಗಿದ್ದು ನಿಜ. ಮೊಳಕೆ ಕಟ್ಟಿಸಿ, ಇಂಗು ಹಾಕಿದ ಮೇಲೆ ಒಗ್ಗಿತು. ಬೆಳಿಗ್ಗೆ ಇಪ್ಪತ್ತು ನಿಮಿಷ ಹೆಚ್ಚು ಬೇಕು. ಆದರೆ ವೇ ಕುಡಿದಿದ್ದು ನಾನೊಬ್ಬಳೇ. ಉಸಲಿಯನ್ನು ಅಮ್ಮನೂ ತಿಂದರು, ಮಗಳೂ ತಿಂದಳು. ನನಗೆ ಇದಕ್ಕಿಂತ ದೊಡ್ಡ ಲಾಭ ಕಾಣಲಿಲ್ಲ.

ಮೈಸೂರಿನ ಗರಡಿ ಮನೆಯ ಪೈಲ್ವಾನರು ಬಾದಾಮಿ ಹಾಲು, ನೆನೆಸಿದ ಕಡಲೆ, ಮೊಟ್ಟೆ, ತುಪ್ಪದಲ್ಲೇ ದಸರಾ ಕುಸ್ತಿಗೆ ಮೈ ಕಟ್ಟಿದವರು. ನಮ್ಮಜ್ಜ ಅದನ್ನೇ ಹೇಳಿ ಪುಡಿಗಳನ್ನು ಬೈಯುತ್ತಿದ್ದರು. ಆದರೆ ಅವರು ಗಂಟೆಗಟ್ಟಲೆ ಮಟ್ಟಿಯಲ್ಲಿ ಹೊರಳಾಡುವವರು. ನಮ್ಮ 50 ನಿಮಿಷಕ್ಕೆ ಅವರ ತುಪ್ಪ ಬೇಡ. ಕಡಲೆ ಸಾಕು.

ಪ್ರೀ-ವರ್ಕೌಟನ್ನು ಎರಡೇ ವಾರದಲ್ಲಿ ಬಿಟ್ಟೆ. ಸ್ಕೂಪಿಗೆ 200 ಮಿಲಿಗ್ರಾಂ ಕೆಫೀನ್. ಕುಡಿದ ಹದಿನೈದು ನಿಮಿಷಕ್ಕೆ ಕಿವಿ, ಕೆನ್ನೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅದು ಆ ಪುಡಿಯಲ್ಲಿರುವ ಬೀಟಾ-ಅಲನೈನ್ ಅನ್ನುವ ಪದಾರ್ಥದ ಕೆಲಸ, ಅಪಾಯ ಇಲ್ಲ, ಆದರೆ ಅದು ಬಲ ಬಂದ ಗುರುತೂ ಅಲ್ಲ. ನಾನು ಜಿಮ್‌ಗೆ ಹೋಗುವುದು ಸಂಜೆ ಏಳಕ್ಕೆ. ಆರೂವರೆಗೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದೂವರೆಗೂ ರಕ್ತದಲ್ಲಿ ಇರುತ್ತದೆ. ಬೀದಿಗೆ ಹಾಲಿನ ಗಾಡಿ ಬರುವ ಸದ್ದು ಕೇಳುವವರೆಗೂ ಎದ್ದೇ ಇದ್ದ ರಾತ್ರಿ ಒಂದಲ್ಲ, ಮೂರು. ಮಾರನೇ ದಿನ 40 ಕೆಜಿಯೂ ಭಾರ. ಅದರ ಬದಲು ಐದೂವರೆಗೆ ಅರ್ಧ ಲೋಟ ಫಿಲ್ಟರ್ ಕಾಫಿ ಕುಡಿದು ನೋಡಿದೆ. ಹುರುಪು ಅಷ್ಟೇ ಬಂತು, ನಿದ್ದೆಯೂ ಬಂತು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಚಿಕೋರಿ ಜಾಸ್ತಿ ಇರುವ ಪುಡಿಯಾದರೆ ಡಿಕಾಕ್ಷನ್ ಎಷ್ಟು ಕಪ್ಪಗಿದ್ದರೂ ಕೆಫೀನ್ ಕಡಿಮೆಯೇ.

ಬಿಸಿಎಎ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅದರಲ್ಲಿ ಇರುವುದು ಮೂರು ಅಮೈನೋ ಆಮ್ಲ, ಅಂದರೆ ಪ್ರೊಟೀನ್ ಕಟ್ಟುವ ಇಟ್ಟಿಗೆಗಳು. ಸ್ನಾಯು ಕಟ್ಟಲು ಊಟದಿಂದಲೇ ಬರಬೇಕಾದವು ಒಂಬತ್ತು. ಆ ಮೂರೂ ಮೊಟ್ಟೆಯಲ್ಲೂ ಮೊಸರಲ್ಲೂ ಇವೆ. ಕೊಂಡ ಡಬ್ಬ ಖಾಲಿಯಾಗುವವರೆಗೆ ಕುಡಿದೆ. ಬಣ್ಣದ ನೀರಿನ ರುಚಿ ಬಿಟ್ಟರೆ ಏನೂ ತಿಳಿಯಲಿಲ್ಲ.

ಇನ್ನು ಕೊನೆಯ ಹತ್ತು ವಾರ, ಅಡುಗೆಮನೆಯ ಊಟದ ಜೊತೆಗೆ ಕ್ರಿಯಾಟಿನ್. ಮೊನೊಹೈಡ್ರೇಟ್ ಅನ್ನುವ ಬಗೆ, ದಿನಕ್ಕೆ ಮೂರು ಗ್ರಾಂ. ಒಂದು ಸಣ್ಣ ಚಮಚ, ನೀರಲ್ಲಿ. ಚೀಟಿಯಲ್ಲಿದ್ದ ಪುಡಿಗಳಲ್ಲಿ ನನಗೆ ತಿಳಿಯುವಂಥ ಕೆಲಸ ಮಾಡಿದ್ದು ಇದೊಂದೇ. ಕ್ರಿಯಾಟಿನ್ ನಮ್ಮ ಮೈಯಲ್ಲೇ ತಯಾರಾಗುತ್ತದೆ, ಮಾಂಸ, ಮೀನಿನಿಂದಲೂ ಸಿಗುತ್ತದೆ. ನಾನು ಮೊಟ್ಟೆ ಬಿಟ್ಟು ಬೇರೆ ಮಾಂಸಾಹಾರ ತಿನ್ನುವುದಿಲ್ಲ. ನಮ್ಮಂಥವರ ಸ್ನಾಯುವಿನಲ್ಲಿ ಅದರ ದಾಸ್ತಾನು ಕಡಿಮೆ ಇರುವುದರಿಂದ ಪುಡಿ ತಗೊಂಡರೆ ಪರಿಣಾಮ ಹೆಚ್ಚಾಗಿ ಕಾಣಬಹುದು. ನಾಲ್ಕನೇ ವಾರದಿಂದ ಕೊನೆಯ ಸೆಟ್ಟಿನಲ್ಲಿ ಆರರ ಬದಲು ಎಂಟು ಸಲ ಎತ್ತಲು ಆಯಿತು. ಸ್ಕ್ವಾಟ್ 62.5. ತೂಕ ಒಂದು ಕೆಜಿ ಏರಿತು. ಅದು ಕೊಬ್ಬಲ್ಲ, ಸ್ನಾಯು ಹಿಡಿದಿಟ್ಟ ನೀರು. ಬೆಲೆಯೂ ಕಡಿಮೆ, ದಿನಕ್ಕೆ ಹತ್ತು ರೂಪಾಯಿ ಆಗಬಹುದು.

ಆದರೆ ಒಂದು ಮಾತು. ಬ್ಯಾಂಕಿನ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ನನ್ನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಅಂಕಿ) ಸ್ವಲ್ಪ ಮೇಲೆ ಬಂತು. ರಿಪೋರ್ಟ್ ಹಿಡಿದು ಎದೆ ಬಡಿದುಕೊಂಡಿತು. ಡಾಕ್ಟರ್‌ಗೆ ಪುಡಿಯ ವಿಷಯ ಹೇಳಿದೆ. ನಾಲ್ಕು ವಾರ ನಿಲ್ಲಿಸಿ ಮತ್ತೆ ಮಾಡಿಸಿ ಅಂದರು, ಮಾಡಿಸಿದೆ, ಸರಿ ಇತ್ತು. ಕಿಡ್ನಿಗೆ ಏನೂ ಆಗದೆಯೂ ಕ್ರಿಯಾಟಿನ್ ಈ ಅಂಕಿಯನ್ನು ಏರಿಸಬಹುದು. ರಕ್ತ ಪರೀಕ್ಷೆಗೆ ಹೋಗುವಾಗ ಇದನ್ನು ಮುಚ್ಚಿಡಬೇಡಿ. ಕಿಡ್ನಿ ತೊಂದರೆ ಮೊದಲೇ ಇರುವವರು, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು ಡಾಕ್ಟರ್ ಕೇಳದೆ ಕ್ರಿಯಾಟಿನ್ನೂ ಬೇಡ, ಪ್ರೊಟೀನ್ ಪುಡಿಯೂ ಬೇಡ. ಮನೆಯ ಹಿರಿಯರಿಗೆ "ಶಕ್ತಿ ಬರಲಿ" ಅಂತ ಪ್ರೀತಿಯಿಂದ ಒಂದು ಸ್ಕೂಪ್ ಬೆರೆಸಿ ಕೊಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಮೈ ಬೆಳೆಸಲು ಪ್ರೊಟೀನ್ ಪುಡಿ ಬೇಡ ಅಂತ 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿತು. ನಾನು ಅದನ್ನು ಅರ್ಧ ಒಪ್ಪುತ್ತೇನೆ. ಅಡುಗೆಮನೆ ಕೈಯಲ್ಲಿರುವವರಿಗೆ ಬೇಡವೇ ಬೇಡ. ಆದರೆ ಅಡುಗೆಮನೆಯೇ ಇಲ್ಲದವರು? ಇನ್‌ಸ್ಪೆಕ್ಷನ್‌ಗೆ ಅಂತ ವಾರಗಟ್ಟಲೆ ಊರೂರು ತಿರುಗಿ ಹೋಟೆಲಿನಲ್ಲಿ ತಿನ್ನುವಾಗ ನನಗೂ ವೇ ಆಗಿಬಂದಿದೆ. ಶೆಲ್ಫಿನಲ್ಲಿರುವ ಎರಡು ಡಬ್ಬದಲ್ಲಿ ಒಂದು ಅದಕ್ಕೇ, ಇನ್ನೊಂದು ಕ್ರಿಯಾಟಿನ್.

ಮತ್ತೆ ನಮ್ಮ ಹುಡುಗನ ವಿಷಯ. 19 ವರ್ಷ, 54 ಕೆಜಿ. ಅವನ ಮಾಸ್ ಗೇನರಿನ ಲೇಬಲನ್ನು ಇಬ್ಬರೂ ಕೂತು ಓದಿದೆವು. 100 ಗ್ರಾಂ ಪುಡಿಯಲ್ಲಿ ಪ್ರೊಟೀನ್ 15, ಉಳಿದದ್ದು ಹೆಚ್ಚು ಕಡಿಮೆ ಪೂರ್ತಿ ಮಾಲ್ಟೊಡೆಕ್ಸ್‌ಟ್ರಿನ್. ಅಂದರೆ ಪಿಷ್ಟವನ್ನು ಒಡೆದು ಮಾಡಿದ ಪುಡಿ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಇಳಿಯುತ್ತದೆ. ಅರ್ಧ ಲೀಟರ್ ಹಾಲು, ಎರಡು ಬಾಳೆಹಣ್ಣು, 50 ಗ್ರಾಂ ಕಡಲೇಕಾಯಿ ಬೀಜ: 800 ಕ್ಯಾಲೊರಿಯ ಹತ್ತಿರ, ಪ್ರೊಟೀನ್ 30 ಗ್ರಾಂ, ಖರ್ಚು 50 ರೂಪಾಯಿ. ಪಕ್ಕಪಕ್ಕದಲ್ಲಿ ಬರೆದು ತೋರಿಸಿದೆ. ಅವನು ತುಂಬ ಹೊತ್ತು ಆ ಹಾಳೆ ನೋಡಿದ. "ಪಿಜಿಲಿ ಸ್ಟೋವ್ ಇಡೋಕೆ ಬಿಡಲ್ಲ ಅತ್ತೆ" ಅಂದ.

ಸ್ಟೋವ್ ಬೇಡ. ಮೊಟ್ಟೆ ಬೇಯಿಸುವ ಸಣ್ಣ ಎಲೆಕ್ಟ್ರಿಕ್ ಬಾಯ್ಲರ್ ಒಂದು ಕೊಡಿಸಿದೆ. ಒಂದು ಕೆಜಿ ಹುರಿಗಡಲೆ, ಒಂದು ಕೆಜಿ ಕಡಲೇಕಾಯಿ ಬೀಜ ಡಬ್ಬಕ್ಕೆ ತುಂಬಿ ಕಳಿಸಿದೆ. ಊಟ ಬಿಡುವುದಿಲ್ಲ ಅಂತ ಮಾತು ತಗೊಂಡೆ. ಕಾಲೇಜಿಂದ ನೇರ ಜಿಮ್‌ಗೆ ಹೋಗುವ ದಿನ ಒಂದೇ ಒಂದು ಸ್ಕೂಪ್ ವೇ, ಅದನ್ನು ನಾನೇ ಕೊಡಿಸುತ್ತೇನೆ ಅಂದೆ. ಹೋದ ವಾರ ಫೋನ್ ಮಾಡಿದ್ದ. ಬಾಯ್ಲರ್ ರೂಮಲ್ಲಿ ಬೇಡ, ಕೆಳಗೆ ಡೈನಿಂಗ್ ಹಾಲಲ್ಲಿ ಇಟ್ಕೊ ಅಂತ ಪಿಜಿ ಆಂಟಿ ಒಪ್ಪಿದ್ದಾರಂತೆ. ಈಗ ಬೆಳಿಗ್ಗೆ ಅದರ ಮುಂದೆ ನಾಲ್ಕು ಹುಡುಗರು ಸಾಲು ನಿಲ್ಲುತ್ತಾರಂತೆ.