ಬೇರೆಯವರು ಬಳಸಿದ ಟಿಕೆಟ್, ಹೆಸರು ತಿದ್ದಿದ ಕಾಗದ: ಥೀಮ್ ಪಾರ್ಕಿಗೆ ಹೊರಟವರು ಇದನ್ನು ಓದಿ

ಥೀಮ್ ಪಾರ್ಕಿನಲ್ಲಿ ಹೊಸ ವಿಭಾಗವೊಂದು ತೆರೆದ ಮೊದಲ ವಾರಗಳಲ್ಲಿ ಯಾರಾದರೂ "ಒಳಗೆ ಹೋಗುವ ವ್ಯವಸ್ಥೆ ನಾನು ಮಾಡಿಕೊಡುತ್ತೇನೆ" ಎಂದು ಬಂದರೆ ಒಂದು ಡಾಲರ್ ಕೂಡ ಕೊಡಬೇಡಿ. ಅವರು ಪರಿಚಯದವರೇ ಆಗಿರಲಿ, ಕನ್ನಡದವರೇ ಆಗಿರಲಿ. ನಮ್ಮ ಮನೆಗೆ ಬಂದಿದ್ದ ಹುಡುಗನ ಬಹುಕಾಲದ ಆಸೆಯನ್ನೇ ಬಂಡವಾಳ ಮಾಡಿಕೊಂಡು ಒಬ್ಬ ಮನುಷ್ಯ ನಮ್ಮಿಂದ ಹಣ ಕಿತ್ತ. ಅದು 2019ರ ಮಾತು. 2025ರ ಮೇ 22ರಂದು ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ಯೂನಿವರ್ಸಲ್ ಸಂಸ್ಥೆಯ ಎಪಿಕ್ ಯೂನಿವರ್ಸ್ ಎಂಬ ಹೊಸ ಥೀಮ್ ಪಾರ್ಕ್ ತೆರೆದ ಮೇಲೆ ಪರಿಚಯದ ಕುಟುಂಬವೊಂದು ನನಗೆ ಫೋನ್ ಮಾಡಿ, ಒಬ್ಬರು ಕಡಿಮೆ ದರಕ್ಕೆ ಟಿಕೆಟ್ ಕೊಡುತ್ತೇನೆ ಎನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದೇ ಎಂದು ಕೇಳಿತು. ಆ ಮಾರುವವರು ಹೇಳಿದ ಮಾತುಗಳಲ್ಲಿ ನಾವು ಅಂದು ಕೇಳದಿದ್ದದ್ದು ಒಂದೂ ಇರಲಿಲ್ಲ. ಆದ್ದರಿಂದ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ನಲ್ಲಿ ಸ್ಟಾರ್ ವಾರ್ಸ್ ಎಂಬ ಹಾಲಿವುಡ್ ಚಿತ್ರಸರಣಿಯ ಲೋಕವನ್ನು ತೋರಿಸುವ 'ಸ್ಟಾರ್ ವಾರ್ಸ್: ಗ್ಯಾಲಕ್ಸೀಸ್ ಎಡ್ಜ್' ವಿಭಾಗ 2019ರ ಮೇ 31ರಂದು ತೆರೆಯಿತು. ಸುಮಾರು 14 ಎಕರೆ ಜಾಗದಲ್ಲಿ ಬಟೂ ಎಂಬ ಕಾಲ್ಪನಿಕ ಗ್ರಹದ ಒಂದು ವ್ಯಾಪಾರದ ಊರನ್ನು ಕಟ್ಟಿ ನಿಲ್ಲಿಸಿದ್ದರು. ಯೋಜನೆ ಪ್ರಕಟವಾದದ್ದು 2015ರ ಆಗಸ್ಟ್‌ನಲ್ಲಿ. ಅಂದರೆ ಅಭಿಮಾನಿಗಳು ಹೆಚ್ಚುಕಡಿಮೆ ನಾಲ್ಕು ವರ್ಷ ಕಾದಿದ್ದರು. ನೂಕುನುಗ್ಗಲಾಗುತ್ತದೆಂಬ ಕಾರಣಕ್ಕೆ ಜೂನ್ 23ರವರೆಗೆ ಮುಂಗಡವಾಗಿ ಸಮಯ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ. ಒಂದೊಂದು ಸರದಿಗೆ ನಾಲ್ಕು ಗಂಟೆ. ಪಾರ್ಕಿನ ಟಿಕೆಟ್ ಬೇರೆ ಬೇಕು, ಆದರೆ ಈ ಕಾಯ್ದಿರಿಸುವಿಕೆಗೆ ಹಣವಿಲ್ಲ, ಪೂರ್ತಿ ಉಚಿತ. ಮೇ 2ರ ಬೆಳಿಗ್ಗೆ ಅದಕ್ಕೆ ಅವಕಾಶ ತೆರೆದರು. ಎರಡು ಗಂಟೆಯೊಳಗೆ ಎಲ್ಲವೂ ಮುಗಿದುಹೋಯಿತು. ಡಿಸ್ನಿಲ್ಯಾಂಡ್‌ನವರದೇ ಮೂರು ಹೋಟೆಲುಗಳಲ್ಲಿ ತಂಗುವವರಿಗೆ ಮಾತ್ರ ಅದಾದ ಮೇಲೂ ದಾರಿ ಇತ್ತು, ಆ ಹೋಟೆಲುಗಳ ಬಾಡಿಗೆ ನಮ್ಮಂಥವರಿಗೆ ನಿಲುಕುವುದಲ್ಲ.

ಉಚಿತವಾದ ವಸ್ತು ಎರಡು ಗಂಟೆಯಲ್ಲಿ ಖಾಲಿಯಾಯಿತೆಂದರೆ ಮೂರನೆಯ ಗಂಟೆಗೆ ಅದನ್ನು ಮಾರುವವರು ಹುಟ್ಟಿಕೊಳ್ಳುತ್ತಾರೆ.

ನನ್ನ ಅಕ್ಕನ ಮಗ ಆಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಬೇಸಿಗೆ ರಜೆಗೆ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮಲ್ಲಿಗೆ ಬಂದಿದ್ದ. ಈ ಚಿತ್ರಸರಣಿಯ ಮೇಲೆ ಅವನಿಗಿದ್ದ ಪ್ರೀತಿ ಎಂಥದೆಂದರೆ, ಚಿತ್ರಗಳ ಲೋಕದಲ್ಲಿ ಬಳಸುವ ಆರಬೆಷ್ ಎಂಬ ಕಾಲ್ಪನಿಕ ಲಿಪಿಯನ್ನು ಕಲಿತು ನೋಟ್‌ಬುಕ್ಕಿನ ರಟ್ಟಿನ ಮೇಲೆ ತನ್ನ ಹೆಸರನ್ನು ಅದರಲ್ಲೇ ಬರೆದುಕೊಂಡಿದ್ದ. ಅವನ ವೀಸಾ ಬಂದದ್ದೇ ಮೇ ತಿಂಗಳ ಕೊನೆಗೆ. ಅಷ್ಟರಲ್ಲಿ ಕಾಯ್ದಿರಿಸುವ ಅವಕಾಶ ಮುಗಿದು ವಾರಗಳಾಗಿದ್ದವು. ಮೊದಲ ದಿನ ಒಳಗೆ ಹೋದವರು ಚಿತ್ರಗಳಲ್ಲಿ ಬರುವ ಮಿಲೇನಿಯಂ ಫಾಲ್ಕನ್ ಎಂಬ ಬಾಹ್ಯಾಕಾಶ ನೌಕೆಯ ಎದುರು ನಿಂತು ಅಳುತ್ತಿದ್ದ ವಿಡಿಯೊಗಳನ್ನು ರಾತ್ರಿಯೆಲ್ಲ ನೋಡುತ್ತಿದ್ದ. ನೂರು ಅಡಿಗೂ ಉದ್ದದ, ನಿಜ ಗಾತ್ರದ ನೌಕೆ ಅದು. ಬಾಲ್ಯದಿಂದ ಪರದೆಯ ಮೇಲೆ ಕಂಡದ್ದನ್ನು ಮುಟ್ಟುವಷ್ಟು ಹತ್ತಿರದಲ್ಲಿ ಕಂಡ ನಡುವಯಸ್ಸಿನ ಗಂಡಸರು ಮಕ್ಕಳಂತೆ ಕಣ್ಣೊರೆಸಿಕೊಳ್ಳುತ್ತಿದ್ದರು. "ಚಿಕ್ಕಮ್ಮಾ, ಇಲ್ಲಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ" ಎಂದು ಹುಡುಗ ಹೇಳಿದಾಗ ಯಾರಿಗೆ ತಾನೇ ಸುಮ್ಮನಿರಲು ಮನಸ್ಸಾಗುತ್ತದೆ?

ಆ ಮನುಷ್ಯ ಸಿಕ್ಕಿದ್ದು ಪರಿಚಯದವರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಊರಿನಿಂದ ಬರುವ ತಂದೆತಾಯಿಯರಿಗೆ ಪ್ರವಾಸದ ಏರ್ಪಾಟು ಮಾಡಿಕೊಡುವವನೆಂದು ಅವನ ಪರಿಚಯವಾಯಿತು. ಊಟಕ್ಕೆ ಕೂತಾಗ ಹುಡುಗನ ಮಾತು ಕೇಳಿಸಿಕೊಂಡು ಅವನಾಗಿಯೇ ಹೇಳಿದ: "ಅಕ್ಕಾ, ನನ್ನ ಗುಂಪಿನಲ್ಲಿ ಇಬ್ಬರು ಬರಲಿಲ್ಲ. ಮೂರು ದಿನದ ಟಿಕೆಟ್, ಒಂದೇ ದಿನ ಬಳಕೆಯಾಗಿದೆ. ಸ್ಲಾಟ್ ಕೂಡ ಇದೆ. ನಾಳೆಯೊಳಗೆ ಹೇಳದಿದ್ದರೆ ಬೇರೆಯವರು ತೆಗೆದುಕೊಳ್ಳುತ್ತಾರೆ." ಬರಲಿಲ್ಲ ಎಂದವರ ಟಿಕೆಟ್ ಒಂದು ದಿನ ಬಳಕೆಯಾದದ್ದು ಹೇಗೆ ಎಂದು ನನ್ನ ಗಂಡ ಕೇಳಿದರು. ಮೊದಲ ದಿನ ಬಂದಿದ್ದರು, ಆಮೇಲೆ ಮಗುವಿಗೆ ಜ್ವರ ಬಂತು ಎಂದ. ತಡವರಿಸಲಿಲ್ಲ. ಟಿಕೆಟ್‌ಗೆ ಇಷ್ಟು, ಸ್ಲಾಟ್‌ಗೆ ಇಷ್ಟು ಎಂದು ಬೇರೆ ಬೇರೆ ಲೆಕ್ಕ ಹೇಳಿ, ಮೊಬೈಲಿನಲ್ಲಿ ನೇರವಾಗಿ ತನ್ನ ಖಾತೆಗೆ ಹಾಕಿಸಿಕೊಂಡ. ಎರಡು ಪ್ಲಾಸ್ಟಿಕ್ ಕಾರ್ಡುಗಳನ್ನೂ ಕಾಯ್ದಿರಿಸುವಿಕೆಯ ಒಂದು ಪ್ರತಿಯನ್ನೂ ಅನಾಹೈಮ್‌ನ ಹಾರ್ಬರ್ ಬುಲೆವಾರ್ಡ್‌ನ ಒಂದು ಮೋಟೆಲಿನ ಮುಂದೆ ಕೈಗಿತ್ತು ಹೋದ. ಕಾಗದದ ಮೇಲೆ ನನ್ನ ಹೆಸರೇ ಇತ್ತು.

ಪಾರ್ಕಿನ ಬಾಗಿಲಲ್ಲಿ ಒಬ್ಬ ಸಿಬ್ಬಂದಿ ಹುಡುಗನ ಕಾರ್ಡನ್ನು ಸ್ಕ್ಯಾನ್ ಮಾಡಿದಳು. ಕೈಯಲ್ಲಿದ್ದ ಯಂತ್ರವನ್ನು ಒಮ್ಮೆ ನೋಡಿದಳು, ಅವನ ಮುಖವನ್ನು ನೋಡಿದಳು, ಮತ್ತೆ ಯಂತ್ರವನ್ನು ನೋಡಿದಳು. ಆಮೇಲೆ ಪರದೆಯನ್ನು ನಮ್ಮತ್ತ ತಿರುಗಿಸಿದಳು. ಕೆಂಪು ಟೋಪಿ ಹಾಕಿಕೊಂಡ, ಬಿಳಿ ಗಡ್ಡದ ಒಬ್ಬ ಅಮೆರಿಕನ್ ಅಜ್ಜ ಅದರಲ್ಲಿ ನಗುತ್ತಿದ್ದ. ಹಲವು ದಿನಗಳ ಟಿಕೆಟನ್ನು ಮೊದಲ ಸಲ ಬಳಸುವಾಗಲೇ ಬಳಸಿದವರ ಫೋಟೊ ತೆಗೆದುಕೊಳ್ಳುತ್ತಾರೆ. ಮರುದಿನ ಸ್ಕ್ಯಾನ್ ಮಾಡಿದಾಗ ಆ ಫೋಟೊ ಪರದೆಯ ಮೇಲೆ ಬರುತ್ತದೆ. ಒಬ್ಬರು ಬಳಸಿದ ಟಿಕೆಟನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬುದು ಅಲ್ಲಿನ ನಿಯಮ. ಮಾರಿದವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಪ್ರವಾಸ ಮುಗಿಸಿ ಹೊರಡುವ ಕುಟುಂಬಗಳು ಬಿಟ್ಟುಹೋಗುವ ಕಾರ್ಡುಗಳನ್ನು ಒಟ್ಟುಮಾಡಿ ಹೀಗೆ ಮಾರುವವರು ಆ ರಸ್ತೆಯಲ್ಲಿ ಬಹಳ ಕಾಲದಿಂದ ಇದ್ದಾರೆ.

ಕಾಯ್ದಿರಿಸುವಿಕೆಯ ಪ್ರತಿಯೂ ಖೋಟಾ. ಸರಕಾರಿ ಗುರುತಿನ ಚೀಟಿಯೊಂದಿಗೆ ಹೆಸರು ಹೊಂದಿಕೆಯಾದರೆ ಮಾತ್ರ ಮಣಿಕಟ್ಟಿಗೆ ಆ ಸರದಿಯ ಬಣ್ಣದ ಪಟ್ಟಿ ಕಟ್ಟುತ್ತಿದ್ದರು. ನನ್ನ ಹೆಸರು ಅವರ ದಾಖಲೆಯಲ್ಲಿ ಎಲ್ಲೂ ಇರಲಿಲ್ಲ. ಯಾರದೋ ದೃಢೀಕರಣದ ಚಿತ್ರದ ಮೇಲೆ ಹೆಸರನ್ನು ಅಳಿಸಿ ನನ್ನದನ್ನು ಕೂರಿಸಿದ್ದ. ದೊಡ್ಡದು ಮಾಡಿ ನೋಡಿದರೆ ಆ ಒಂದು ಸಾಲಿನ ಅಕ್ಷರಗಳು ಮಾತ್ರ ಸ್ವಲ್ಪ ಕಪ್ಪಾಗಿ, ಸ್ವಲ್ಪ ಮೇಲಕ್ಕೆ ಕೂತಿದ್ದವು. ಹೊಸ ಟಿಕೆಟ್ ಕೊಂಡರೂ ಅವತ್ತು ಹೊಸ ವಿಭಾಗದೊಳಗೆ ಬಿಡಲು ಆಗುವುದಿಲ್ಲವೆಂದು ಸಿಬ್ಬಂದಿ ಸೌಜನ್ಯದಿಂದಲೇ ಹೇಳಿದರು. ಅವರದು ತಪ್ಪಿಲ್ಲ.

ಡಿಸ್ನಿಲ್ಯಾಂಡ್‌ಗೂ ಅದರ ಎದುರಿಗಿರುವ ಡಿಸ್ನಿಯವರದೇ ಇನ್ನೊಂದು ಪಾರ್ಕಿಗೂ ನಡುವಿನ ಅಂಗಳದಲ್ಲಿ ಹುಡುಗ ಸ್ವಲ್ಪ ಹೊತ್ತು ನಿಂತ. ಒಳಗಿನಿಂದ ಬರುತ್ತಿದ್ದವರ ಹೆಗಲಲ್ಲಿ ಉದ್ದನೆಯ ಚೀಲಗಳಲ್ಲಿ, ಚಿತ್ರಗಳಲ್ಲಿ ಬರುವ ಬೆಳಕಿನ ಕತ್ತಿಗಳಾದ ಲೈಟ್‌ಸೇಬರ್‌ಗಳಿದ್ದವು. ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಪರವಾಗಿಲ್ಲ ಚಿಕ್ಕಮ್ಮಾ, ದುಡ್ಡು ವಾಪಸ್ ಕೇಳಿ" ಎಂದಷ್ಟೇ ಹೇಳಿದ. ಹಣ ವಾಪಸ್ ಬರಲಿಲ್ಲ. ಆ ಮನುಷ್ಯ ಮೊದಲು ಪಾರ್ಕಿನವರನ್ನು ದೂರಿದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಪೂಜೆಗೆ ಬಂದಿದ್ದ ಇನ್ನೆರಡು ಮನೆಯವರಿಗೂ ಅವನು ಹೀಗೆಯೇ ಮಾರಿದ್ದನೆಂದು ನಂತರ ತಿಳಿಯಿತು. ಮರ್ಯಾದೆಗೆ ಅಂಜಿ ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಮಗೆ ಹೀಗಾಗುತ್ತಿರಲಿಲ್ಲ, ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೆ.

ಜೂನ್ 24ರಿಂದ ಕಾಯ್ದಿರಿಸುವಿಕೆಯ ನಿಯಮವನ್ನೇ ತೆಗೆದರು. ಪಾರ್ಕಿನ ಟಿಕೆಟ್ ಇದ್ದವರೆಲ್ಲ ನಡೆದುಕೊಂಡು ಒಳಗೆ ಹೋಗಬಹುದಿತ್ತು! ನಾವು ಪಾರ್ಕಿನ ಅಧಿಕೃತ ಜಾಲತಾಣದಲ್ಲೇ ಟಿಕೆಟ್ ಕೊಂಡು ಹೋದೆವು. ಆ ವರ್ಷ ಒಂದು ದಿನದ, ಒಂದು ಪಾರ್ಕಿನ ಟಿಕೆಟ್‌ಗೆ ದಿನಕ್ಕೆ ತಕ್ಕಂತೆ 104, 129 ಅಥವಾ 149 ಡಾಲರ್ ಇತ್ತು. ಭಯಪಟ್ಟಷ್ಟು ಜನ ಇರಲೇ ಇಲ್ಲ. ಜನಸಾಗರವಾಗುತ್ತದೆ ಎಂದು ಎಲ್ಲರೂ ಎಲ್ಲರಿಗೂ ಹೇಳಿ ಹೇಳಿ, ಬರಬೇಕಾದವರೂ ಬರದೆ ಉಳಿದಿದ್ದರು. ಆ ತ್ರೈಮಾಸಿಕದಲ್ಲಿ ಅಮೆರಿಕದ ತನ್ನ ಪಾರ್ಕುಗಳಿಗೆ ಬಂದವರ ಸಂಖ್ಯೆ ಶೇ. 3ರಷ್ಟು ಇಳಿಯಿತೆಂದು ಡಿಸ್ನಿ ಸಂಸ್ಥೆಯೇ ಹೇಳಿತು. "ಈಗ ಬಿಟ್ಟರೆ ಇನ್ನು ಸಿಗುವುದಿಲ್ಲ" ಎಂದು ಯಾರಾದರೂ ಅವಸರಪಡಿಸಿದಾಗ ಈ ಅಂಕಿಯನ್ನು ನೆನಪಿಸಿಕೊಳ್ಳಿ.

ಒಳಗಿನದು ಹೇಗಿತ್ತೆಂದು ಹೇಳದಿದ್ದರೆ ಅಭಿಮಾನಿಗಳ ಆತುರ ಅರ್ಥವಾಗುವುದಿಲ್ಲ. ಅಂಗಡಿಗಳ ಫಲಕಗಳು ಆರಬೆಷ್ ಲಿಪಿಯಲ್ಲಿವೆ. ಅದನ್ನು ಓದಿಕೊಡಲು ಆಪ್ ಇದೆ. ನಮ್ಮ ಹುಡುಗನಿಗೆ ಅದರ ಹಂಗಿರಲಿಲ್ಲ, ಗೋಡೆಯಿಂದ ಗೋಡೆಗೆ ಹೋಗಿ ಬೆರಳಿಟ್ಟು ಓದುತ್ತಾ ನಡೆದ. ನೆಲದ ಸಿಮೆಂಟಿನಲ್ಲಿ ರೋಬೋಟುಗಳು ಉರುಳಿಹೋದ ಚಕ್ರದ ಗುರುತುಗಳನ್ನು ಅಚ್ಚೊತ್ತಿದ್ದಾರೆ. ಫಾಲ್ಕನ್ ನೌಕೆಯ ಸವಾರಿಗೆ ಕಾಯುವ ಕೋಣೆಯಲ್ಲಿ ಚಿತ್ರದಲ್ಲಿರುವಂಥದೇ ದುಂಡನೆಯ ಚದುರಂಗದ ಮೇಜಿದೆ. ಅದರ ಹಿಂದಿನ ಆಸನದಲ್ಲಿ ಕೂರಲು ಜನ ತಮ್ಮ ಸರದಿ ಕರೆದರೂ ಹೋಗದೆ ಕಾಯುತ್ತಿದ್ದರು. ನಮ್ಮವನು ಅಲ್ಲಿ ಕೂತು ಮೇಜಿನ ಅಂಚನ್ನು ಅಂಗೈಯಿಂದ ನಿಧಾನವಾಗಿ ಸವರಿದ. ನಾನು ಆ ಚಿತ್ರಗಳನ್ನು ಪೂರ್ತಿ ನೋಡಿದವಳಲ್ಲ. ಆದರೂ ಅವನ ಮುಖ ನೋಡಿ ಈ ಜಾಗವನ್ನು ಕಟ್ಟಿದವರ ಶ್ರದ್ಧೆಗೆ ಕೈಮುಗಿಯಬೇಕೆನ್ನಿಸಿತು.

ಅಭಿಮಾನಿಗಳ ಅಸಮಾಧಾನವೂ ಕಡಿಮೆಯಿರಲಿಲ್ಲ. ಕಥೆಯ ಕಾಲವನ್ನು ಎಂಟನೆಯ ಮತ್ತು ಒಂಬತ್ತನೆಯ ಚಿತ್ರಗಳ ನಡುವೆ ಇಟ್ಟಿದ್ದರಿಂದ ಮೊದಲ ಚಿತ್ರಗಳ ಖಳನಾಯಕ ಡಾರ್ತ್ ವೇಡರ್ ಇರಲಿಲ್ಲ, ಹಳೆಯ ತಲೆಮಾರು ಪ್ರೀತಿಸಿದ ಹಲವು ಪಾತ್ರಗಳೂ ಇರಲಿಲ್ಲ. ತೆರೆದಾಗ ಇದ್ದದ್ದು ಒಂದೇ ಸವಾರಿ. ಎಲ್ಲರೂ ಹೊಗಳುವ 'ರೈಸ್ ಆಫ್ ದಿ ರೆಸಿಸ್ಟೆನ್ಸ್' ಅನಾಹೈಮ್‌ನಲ್ಲಿ 2020ರ ಜನವರಿ 17ರಂದಷ್ಟೇ ಶುರುವಾಯಿತು. ಫಾಲ್ಕನ್ ಸವಾರಿಯಲ್ಲಿ ಆರು ಜನ: ಇಬ್ಬರು ಚಾಲಕರು, ಇಬ್ಬರು ಗುರಿಕಾರರು, ಇಬ್ಬರು ಎಂಜಿನಿಯರುಗಳು. ಹಿಂದೆ ಕೂತ ಎಂಜಿನಿಯರುಗಳು ಪಕ್ಕದ ಗುಂಡಿಗಳನ್ನು ಒತ್ತುವುದರಲ್ಲೇ ಮುಂದಿನ ದೃಶ್ಯವನ್ನು ಕಳೆದುಕೊಳ್ಳುತ್ತಾರೆ ಎಂಬ ದೂರು ನಿಜ. ಮಕ್ಕಳಿಗೆ ಚಾಲಕರ ಜಾಗ ಬೇಕಿದ್ದರೆ ಯಾರಿಗೆ ಯಾವ ಜಾಗ ಎಂದು ಸೂಚಿಸುವ ಕಾರ್ಡನ್ನು ಗುಂಪಿನವರ ಜತೆ ಬದಲಿಸಿಕೊಳ್ಳಿ. ಎತ್ತರ ಕನಿಷ್ಠ 38 ಇಂಚು ಇರಬೇಕು. ಅಲ್ಲಿ ಮಾರುವ ನೀಲಿ ಹಾಲು ಎಂಬುದು ಅಕ್ಕಿ ಹಾಲು ಮತ್ತು ತೆಂಗಿನ ಹಾಲಿನಿಂದ ಮಾಡಿದ, ಹೆಪ್ಪುಗಟ್ಟಿಸಿದ ಪಾನೀಯ. ಕೆಲವರಿಗೆ ಅಮೃತ, ನನಗೆ ರುಚಿಸಲಿಲ್ಲ.

ಈ ಉತ್ಸಾಹದ ಬೆನ್ನಿಗೆ ಇನ್ನೊಂದು ವ್ಯಾಪಾರವೂ ಬೆಳೆದಿತ್ತು. ಅಲ್ಲಿನ ಹೋಟೆಲೊಂದರಲ್ಲಿ ಊಟಕ್ಕೆ ಕೊಡುತ್ತಿದ್ದ ವಿಚಿತ್ರ ಆಕಾರದ ಲೋಹದ ಚಮಚಗಳನ್ನು ಜನ ಮೊದಲ ದಿನಗಳಲ್ಲೇ ಕದ್ದೊಯ್ದು ಇಬೇನಲ್ಲಿ ಮಾರಿದರು. ಕೊನೆಗೆ ಪಾರ್ಕಿನವರು ಪ್ಲಾಸ್ಟಿಕ್ಕಿನದನ್ನು ಕೊಡಬೇಕಾಯಿತು. ಉಚಿತವಾಗಿ ಹಂಚಿದ ನಕ್ಷೆಗಳಿಗೂ ಬೆಲೆ ಕಟ್ಟಿದ್ದರು. ಕದ್ದ ಮಾಲನ್ನು ನೆನಪಿನ ಕಾಣಿಕೆಯೆಂದು ಕೊಂಡು ಊರಿಗೆ ಒಯ್ಯಬೇಡಿ. ಅಲ್ಲಿ ಮಾರುವ, ಬಾಂಬಿನಂತೆ ಗುಂಡಗಿರುವ ಕೋಕ್ ಬಾಟಲಿಗಳ ವಿಷಯದಲ್ಲೂ ಜಾಗ್ರತೆ: 2019ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನ ಭದ್ರತಾ ಸಂಸ್ಥೆ ಅವುಗಳನ್ನು ನಿಷೇಧಿಸಿ, ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ ಸಡಿಲಿಸಿತು. ಬೆಂಗಳೂರಿನ ತಪಾಸಣೆಯಲ್ಲಿ ಅದನ್ನು ವಿವರಿಸುತ್ತಾ ನಿಲ್ಲುವ ಪಾಡು ಯಾರಿಗೂ ಬೇಡ. ಇನ್ನು, ಅಲ್ಲೇ ಮಾರುವ, ಚಿತ್ರಗಳ ಜೆಡೈ ಯೋಧರ ನಿಲುವಂಗಿಯನ್ನು ಹದಿನಾಲ್ಕು ವರ್ಷ ದಾಟಿದವರು ಪಾರ್ಕಿನೊಳಗೆ ತೊಡುವಂತಿರಲಿಲ್ಲ. ವೇಷ ಹಾಕಿಕೊಂಡು ಹೋಗುವ ಮುನ್ನ ಆ ಪಾರ್ಕಿನ ನಿಯಮ ಓದಿ. ಸ್ವತಃ ಜೋಡಿಸಿಕೊಳ್ಳುವ ಲೈಟ್‌ಸೇಬರ್‌ಗೆ ಆಗ 199.99 ಡಾಲರ್, ತೆರಿಗೆ ಬೇರೆ. ಹುಡುಗನಿಗೆ ಅದನ್ನು ಕೊಡಿಸಬೇಕೆಂದು ಎತ್ತಿಟ್ಟಿದ್ದ ಹಣ ಆ ಮನುಷ್ಯನ ಖಾತೆಗೆ ಹೋಗಿತ್ತು.

ನಿಮ್ಮಲ್ಲಿ ಯಾರಾದರೂ ಇಂಥ ಪ್ರವಾಸಕ್ಕೆ ಸಿದ್ಧರಾಗುತ್ತಿದ್ದರೆ ಟಿಕೆಟನ್ನು ಪಾರ್ಕಿನವರಿಂದಲೇ ಅಥವಾ ಅವರು ಅಧಿಕೃತವೆಂದು ಒಪ್ಪಿದ ಮಾರಾಟಗಾರರಿಂದಲೇ ಕೊಳ್ಳಿ. ಅಧಿಕೃತರು ಕೊಡುವ ರಿಯಾಯಿತಿ ಕೆಲವೇ ಡಾಲರುಗಳದು. ಅರ್ಧ ಬೆಲೆ ಎಂದವರ ಹತ್ತಿರ ಮಾತು ಬೆಳೆಸಬೇಡಿ. ಒಂದು ದಿನ ಬಳಕೆಯಾದ ಟಿಕೆಟ್ ಯಾವ ದರಕ್ಕೂ ಬೇಡ. ಕಾಯ್ದಿರಿಸುವಿಕೆ, ಸರದಿ ಸಂಖ್ಯೆ ಇಂಥವು ನಿಮ್ಮ ಸ್ವಂತ ಖಾತೆಯೊಳಗೆ, ಪಾರ್ಕಿನ ಆಪ್‌ನಲ್ಲಿ ನಿಮ್ಮ ಕಣ್ಣಿಗೆ ಕಾಣಿಸಬೇಕು. ವಾಟ್ಸ್ಆಪ್‌ನಲ್ಲಿ ಬಂದ ಚಿತ್ರ ಲೆಕ್ಕಕ್ಕಿಲ್ಲ. ಊರಿನಿಂದ ಬರುವವರಿಗಾಗಿ ಇಲ್ಲಿರುವವರು ಕೊಳ್ಳುವುದಾದರೆ ಒಳಗೆ ಹೋಗುವವರ ಹೆಸರಿನಲ್ಲೇ, ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ ಕೊಳ್ಳಿ.

ಹಣವನ್ನು ಈಗಾಗಲೇ ಕೊಟ್ಟಿದ್ದೀರಾದರೆ ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ತಕರಾರು ಸಲ್ಲಿಸಲು ಅವಕಾಶವಿರುತ್ತದೆ. ನೇರವಾಗಿ ಖಾತೆಗೆ ಹಾಕಿದ್ದರೆ ಮರಳಿ ಬರುವುದು ಬಹಳ ಕಷ್ಟ, ಆದರೂ ದೂರು ದಾಖಲಿಸಿ. ಮಾರಿದವನ ಸಂದೇಶಗಳನ್ನು ಅಳಿಸಬೇಡಿ, ಕಾರ್ಡುಗಳನ್ನು ಎಸೆಯಬೇಡಿ. ಸ್ಥಳೀಯ ಪೊಲೀಸರಿಗೂ, ವಂಚನೆಯ ದೂರು ತೆಗೆದುಕೊಳ್ಳುವ ಅಮೆರಿಕದ ಸರಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಜಾಲತಾಣದಲ್ಲೂ ವಿವರ ಕೊಡಿ. ಕಮಿಷನ್ ನಿಮ್ಮೊಬ್ಬರ ಹಣ ಕೊಡಿಸುವುದಿಲ್ಲ, ಆದರೆ ಒಂದೇ ಬಗೆಯ ದೂರುಗಳು ಸೇರಿದಾಗ ತನಿಖೆಗೆ ದಾರಿಯಾಗುತ್ತದೆ. ಅವನನ್ನು ನಿಮಗೆ ಪರಿಚಯಿಸಿದವರಿಗೂ, ಆ ದಿನ ಪಂಕ್ತಿಯಲ್ಲಿ ನಿಮ್ಮ ಪಕ್ಕ ಊಟಕ್ಕೆ ಕೂತವರಿಗೂ ಫೋನ್ ಮಾಡಿ ನಡೆದದ್ದನ್ನು ಹೇಳಿ.