ಹದಿಮೂರು ಖಾನೆಯ ಎಕ್ಸ್‌ಪ್ಯಾಂಡಿಂಗ್ ಫೈಲು: ಐಟಿ ರಿಟರ್ನ್ಸ್‌ಗೆ ಬಳಸಿದವರ ದೀರ್ಘ ವಿಮರ್ಶೆ

ಅಕಾರ್ಡಿಯನ್ ಥರ ಬಿಚ್ಚಿಕೊಳ್ಳುವ ಈ ಪ್ಲಾಸ್ಟಿಕ್ ಫೈಲನ್ನು ಎಲ್ಲರೂ ನೋಡಿರುತ್ತೀರಿ, ಬಣ್ಣ ಗಾತ್ರಗಳ ವಿವರ ಬೇಡ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮುನ್ನೂರು ರೂಪಾಯಿಯ ಆಸುಪಾಸಿಗೆ ಸಿಕ್ಕ, ಬ್ರಾಂಡಿಲ್ಲದ ಮಾಲು. ಸಂಬಳ, ಎರಡು ಎಫ್‌ಡಿ, ಒಂದಿಷ್ಟು ಮ್ಯೂಚುವಲ್ ಫಂಡ್, ವಯಸ್ಸಾದ ಅಪ್ಪ ಅಮ್ಮ: ಇಷ್ಟು ಲೆಕ್ಕ ಇರುವ ಮನೆಯ ಕಣ್ಣಿನಿಂದ ಬರೆದದ್ದು ಇದು. ಅಂಗಡಿ, ವ್ಯಾಪಾರ, ಆಡಿಟ್ ಇರುವವರಿಗೆ ಈ ಫೈಲು ಸಾಲದು.

ಮೊದಲನೆಯದಾಗಿ, ಜೊತೆಗೆ ಕೊಡುವ ಲೇಬಲ್ ಹಾಳೆಯನ್ನು ಎಸೆದುಬಿಡಿ. ಅದರಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹೆಸರು ಅಚ್ಚಾಗಿರುತ್ತದೆ. ನಮ್ಮ ಹಣಕಾಸು ವರ್ಷ ಶುರುವಾಗುವುದೇ ಏಪ್ರಿಲ್ 1ಕ್ಕೆ. ಅದಿರಲಿ, ತಿಂಗಳ ಪ್ರಕಾರ ಜೋಡಿಸುವುದೇ ದಂಡ. ಆಗಸ್ಟ್‌ನಲ್ಲಿ ಏನಾಯ್ತು ಎಂದು ರಿಟರ್ನ್ಸ್ ಫಾರ್ಮ್ ಎಲ್ಲೂ ಕೇಳುವುದಿಲ್ಲ. ಸಂಬಳ ಎಷ್ಟು, ಮನೆಯ ಲೆಕ್ಕ ಏನು, ಷೇರು ಮಾರಿದ್ದೆಷ್ಟು, ಬಡ್ಡಿ ಎಷ್ಟು, ಕಡಿತ ಎಷ್ಟು, ಕಟ್ಟಿದ ತೆರಿಗೆ ಎಷ್ಟು ಅಂತ ಕೇಳುತ್ತದೆ. ಖಾನೆಗಳೂ ಅದೇ ಕ್ರಮದಲ್ಲಿರಲಿ. ತುಂಬುವಾಗ ಒಂದೊಂದೇ ಖಾನೆ ತೆರೆಯುತ್ತಾ ಬಲಕ್ಕೆ ಸರಿದರೆ ಸಾಕು, ಹಿಂದೆ ಮುಂದೆ ತಡಕಾಡುವ ಪ್ರಮೇಯ ಬರುವುದಿಲ್ಲ. ಬೆನ್ನಿನ ಮೇಲೆ ‘2025-26ರ ಆದಾಯ’ ಎಂದು ದಪ್ಪಗೆ ಬರೆಯಿರಿ. ಅಸೆಸ್‌ಮೆಂಟ್ ಇಯರ್ (ಆದಾಯ ಬಂದ ವರ್ಷದ ಮರುವರ್ಷ) ಬರೆದರೆ ಯಾವ ವರ್ಷದ ಕಾಗದ ಯಾವ ಫೈಲಿಗೆ ಎಂಬ ಗೊಂದಲ ಪ್ರತಿ ಸಲವೂ ಹುಟ್ಟುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಹೇಗೂ ‘ತೆರಿಗೆ ವರ್ಷ’ ಅನ್ನುವುದು ಒಂದೇ.

ಮೊದಲ ಖಾನೆಯಲ್ಲಿ ಪ್ಯಾನ್, ಆಧಾರ್ ಪ್ರತಿ, ಎಲ್ಲ ಬ್ಯಾಂಕ್ ಖಾತೆಗಳ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಬರೆದ ಒಂದು ಹಾಳೆ, ಹೋದ ವರ್ಷದ ರಿಟರ್ನ್ಸ್, ಅದರ 143(1) ಇಂಟಿಮೇಷನ್, ಅಂದರೆ ಲೆಕ್ಕ ನೋಡಿ ಇಲಾಖೆ ಕಳಿಸುವ ಪತ್ರ. ಎರಡನೆಯದರಲ್ಲಿ ಆಫೀಸಿನವರು ಕೊಡುವ ಸಂಬಳ-ತೆರಿಗೆ ಪ್ರಮಾಣಪತ್ರ ಫಾರ್ಮ್ 16ರ ‘ಎ’ ಮತ್ತು ‘ಬಿ’ ಎರಡೂ ಭಾಗ, ಜೊತೆಗೆ ಮಾರ್ಚ್ ತಿಂಗಳ ಪೇಸ್ಲಿಪ್. ಮಾರ್ಚ್‌ನದ್ದೇ ಏಕೆಂದರೆ ವರ್ಷದ ಒಟ್ಟು ಮೊತ್ತಗಳು ಸಾಮಾನ್ಯವಾಗಿ ಅದರಲ್ಲಿರುತ್ತವೆ. ಕರ್ನಾಟಕದ ವೃತ್ತಿ ತೆರಿಗೆ 2,500 ಆಗಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ: ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300. ಕಡಿತಗಳಿರುವ ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಇದೂ ಕಡಿತ. ಮನೆ ಬಾಡಿಗೆ, ಗೃಹಸಾಲ, ಷೇರು ಮತ್ತು ಫಂಡ್, 80ಸಿ (ಪಿಎಫ್, ಜೀವವಿಮೆಯಂಥ ಉಳಿತಾಯ), 80ಡಿ (ಆರೋಗ್ಯ ವಿಮೆ, ಚಿಕಿತ್ಸೆ), ದೇಣಿಗೆಗೆ ಒಂದೊಂದು ಖಾನೆ. ಇವು ತಾವಾಗಿ ಜೋಡಣೆಯಾಗುತ್ತವೆ. ಗೃಹಸಾಲದ ಖಾನೆಯಲ್ಲಿ ಮಾತ್ರ ‘ಪ್ರೊವಿಷನಲ್’ ಎಂದಿರುವ ಸರ್ಟಿಫಿಕೇಟು ಉಳಿದುಬಿಡದಂತೆ ನೋಡಿಕೊಳ್ಳಿ. ಅದು ಜನವರಿಯಲ್ಲಿ ಆಫೀಸಿಗೆ ಕೊಡಲು ತೆಗೆಸಿದ್ದು. ರಿಟರ್ನ್ಸ್‌ಗೆ ಏಪ್ರಿಲ್ ನಂತರ ಸಿಗುವ ಅಂತಿಮ ಪ್ರತಿಯೇ ಬೇಕು.

ಬಡ್ಡಿಯ ಖಾನೆಗೆ ಸ್ವಲ್ಪ ಹೆಚ್ಚು ಗಮನ ಕೊಡಿ. ಕ್ಯುಮುಲೇಟಿವ್ ಎಫ್‌ಡಿ (ಬಡ್ಡಿ ಕೊನೆಗೆ ಒಟ್ಟಿಗೆ ಸಿಗುವುದು) ಇಟ್ಟವರು ಪಾಸ್‌ಬುಕ್ ನೋಡಿ ಬಡ್ಡಿ ಬಂದಿಲ್ಲ ಅಂದುಕೊಳ್ಳುತ್ತಾರೆ. ಹಣ ಕೈಗೆ ಬರದಿದ್ದರೂ ವರ್ಷಕ್ಕೆ ಕೂಡಿದ ಬಡ್ಡಿಯನ್ನು ಬ್ಯಾಂಕು ಲೆಕ್ಕ ಹಾಕಿ ವರದಿ ಮಾಡುತ್ತದೆ, ಮಿತಿ ದಾಟಿದ್ದರೆ ಮೂಲದಲ್ಲೇ ಕಡಿಯುವ ತೆರಿಗೆ, ಅಂದರೆ ಟಿಡಿಎಸ್‌ ಕೂಡ ಹಿಡಿಯುತ್ತದೆ. 2025-26ರಲ್ಲಿ ಆ ಮಿತಿ ಒಂದು ಬ್ಯಾಂಕಿಗೆ 50,000, ಹಿರಿಯ ನಾಗರಿಕರಿಗೆ 1 ಲಕ್ಷ. ಟಿಡಿಎಸ್ ಹಿಡಿದಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ. ಹಾಗಾಗಿ ಇಲ್ಲಿ ಇರಬೇಕಾದ್ದು ಇಂಟರೆಸ್ಟ್ ಸರ್ಟಿಫಿಕೇಟ್, ಪಾಸ್‌ಬುಕ್ ಜೆರಾಕ್ಸ್ ಅಲ್ಲ. ಡಿವಿಡೆಂಡ್‌ನಲ್ಲೂ ಇದೇ ಪೇಚು. ಒಂದು ಕಂಪನಿ 12,000 ಘೋಷಿಸಿ 1,200 ಟಿಡಿಎಸ್ ಹಿಡಿದರೆ ಖಾತೆಗೆ ಬೀಳುವುದು 10,800. ರಿಟರ್ನ್ಸ್‌ನಲ್ಲಿ ತೋರಿಸಬೇಕಾದ್ದು 12,000. ಹಾಗೆಯೇ ಹೋದ ವರ್ಷದ ರೀಫಂಡ್ ಜೊತೆ ಬಂದ ನೂರಿನ್ನೂರು ರೂಪಾಯಿ ಬಡ್ಡಿಯೂ ಆದಾಯವೇ. ಅದಕ್ಕೊಂದು ಸಣ್ಣ ಚೀಟಿ ಬರೆದು ಇದೇ ಖಾನೆಗೆ ಹಾಕಿ.

ಸಣ್ಣ ಚೀಟಿ ಅಂದೆನಲ್ಲ, ಈ ಫೈಲಿನ ದೊಡ್ಡ ದೋಷವೂ ಅದೇ. ಎ4 ಹಾಳೆಗೆ ಇದು ಹೇಳಿ ಮಾಡಿಸಿದ್ದು. ಅಂಗೈಯಗಲದ ಬಿಲ್ಲು ಹಾಕಿ ನೋಡಿ! ತಳದ ಮಡಿಕೆಗೆ ಜಾರಿ ಕೂರುತ್ತದೆ, ಹೊರಗೆ ತೆಗೆಯಲು ಫೈಲನ್ನೇ ತಲೆಕೆಳಗು ಮಾಡಬೇಕು, ಆಗ ಉಳಿದ ಹನ್ನೆರಡು ಖಾನೆಗಳೂ ನೆಲಕ್ಕೆ. ಇದು ಬರೀ ಕಿರಿಕಿರಿಯಾಗಿದ್ದರೆ ಸಹಿಸಬಹುದಿತ್ತು. ಆದರೆ ಹಳೆಯ ಪದ್ಧತಿಯಲ್ಲಿ ಹಣ ಉಳಿಸುವ ಕಾಗದಗಳೇ ಇಂಥ ಗಾತ್ರದವು. ಆರೋಗ್ಯ ವಿಮೆ ಇಲ್ಲದ ಹಿರಿಯ ನಾಗರಿಕ ತಂದೆ ತಾಯಿಯ ವೈದ್ಯಕೀಯ ಖರ್ಚಿಗೆ 80ಡಿ ಅಡಿ 50,000ದವರೆಗೆ ಕಡಿತವಿದೆ, ಹಣ ನಗದಲ್ಲಿ ಕೊಟ್ಟಿರಬಾರದು ಅಷ್ಟೆ. ವರ್ಷವಿಡೀ ಕೊಂಡ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಬಿಲ್ಲು ಸೇರಿಸಿದರೆ ಸಣ್ಣ ಮೊತ್ತವೇನಲ್ಲ. ಮೆಡಿಕಲ್ ಶಾಪ್ ಬಿಲ್ಲುಗಳಲ್ಲಿ ಬಹಳಷ್ಟು ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿ ಇರುವುದಿಲ್ಲ, ಕಾಗದದ ಮೇಲಿನ ಲೇಪನ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬೆಳಕು, ಸೆಕೆ, ಮೆತ್ತನೆ ಪಿವಿಸಿ ಪ್ಲಾಸ್ಟಿಕ್ಕಿನಿಂದ ಒಸರುವ ರಾಸಾಯನಿಕ, ಯಾವುದು ತಗುಲಿದರೂ ಅಕ್ಷರ ಮಾಸುತ್ತದೆ ಅಥವಾ ಇಡೀ ಕಾಗದ ಕಪ್ಪಿಡುತ್ತದೆ. ಶೀಟಿನ ಮನೆಯ ಅಟ್ಟದ ಮೇಲೆ ಒಂದು ಬೇಸಿಗೆ ಕಳೆದ ಬಿಲ್ಲಿನಲ್ಲಿ ಅಂಗಡಿಯ ಹೆಸರೂ ಕಾಣುವುದಿಲ್ಲ. ರಿಟರ್ನ್ಸ್ ಜೊತೆ ಯಾವ ಕಾಗದವನ್ನೂ ಲಗತ್ತಿಸಬೇಕಿಲ್ಲ ನಿಜ, ಆದರೆ ನೋಟಿಸ್ ಬರುವುದು ವರ್ಷಗಳ ನಂತರ. ಆಗ ತೋರಿಸಲು ಖಾಲಿ ಚೀಟಿ!

ಪರಿಹಾರ ಇದೆ, ತುಸು ತಾಳ್ಮೆ ಬೇಕು. ಬಿಲ್ಲು ಬಂದ ವಾರದಲ್ಲೇ ಒಂದು ಎ4 ಹಾಳೆಗೆ ನಾಲ್ಕರಂತೆ, ಮೇಲಂಚಿಗಷ್ಟೇ ಗ್ಲೂ ಸ್ಟಿಕ್ ಸವರಿ ಅಂಟಿಸಿ. ಸೆಲ್ಲೋಟೇಪ್ ಅಕ್ಷರದ ಮೇಲೆ ಹಾಯಬಾರದು, ಅದರ ಅಂಟೂ ಥರ್ಮಲ್ ಅಚ್ಚನ್ನು ತಿನ್ನುತ್ತದೆ. ಪ್ರತಿ ಬಿಲ್ಲಿನ ಪಕ್ಕ ಬಾಲ್ ಪೆನ್ನಿನಲ್ಲಿ ದಿನಾಂಕ, ಮೊತ್ತ, ರೋಗಿಯ ಹೆಸರು, ಯುಪಿಐ ರೆಫರೆನ್ಸ್ ಸಂಖ್ಯೆ. ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಮೂಲದ ಬೆನ್ನಿಗೇ ಪಿನ್ ಹೊಡೆಯಿರಿ. ಜೆರಾಕ್ಸ್‌ನ ಟೋನರ್ ಕೂಡ ಪಿವಿಸಿಗೆ ಅಂಟಿಕೊಳ್ಳುವ ಜಾತಿ, ಆದ್ದರಿಂದ ಕೊಳ್ಳುವಾಗ ಪಾಲಿಪ್ರೊಪಿಲೀನ್ ಫೈಲೇ ಇರಲಿ. ಗುರುತಿಸುವುದು ಸುಲಭ: ಪಿವಿಸಿ ಮೆತ್ತಗೆ, ಹೊಸದರಲ್ಲಿ ರೇನ್‌ಕೋಟ್ ವಾಸನೆ. ಪಾಲಿಪ್ರೊಪಿಲೀನ್ ಗಡುಸು, ಮುಟ್ಟಿದರೆ ಪರಪರ ಸದ್ದು. ಇನ್ನು 80ಡಿಯಲ್ಲಿ ನಗದು ಕೊಟ್ಟರೂ ನಡೆಯುವುದು ಮುಂಜಾಗ್ರತಾ ಹೆಲ್ತ್ ಚೆಕಪ್ ಒಂದಕ್ಕೇ, 5,000ದವರೆಗೆ, ಅದೂ ಒಟ್ಟು ಮಿತಿಯೊಳಗೇ.

ಇಷ್ಟೆಲ್ಲ ಶ್ರಮ ಎಲ್ಲರಿಗೂ ಬೇಕೆ? ಇಲ್ಲ. 2023-24ರಿಂದ ಹೊಸ ಪದ್ಧತಿಯೇ ಡೀಫಾಲ್ಟ್. ಅದರಲ್ಲಿ 80ಸಿ ಇಲ್ಲ, 80ಡಿ ಇಲ್ಲ, ಎಚ್‌ಆರ್‌ಎ (ಬಾಡಿಗೆ ಭತ್ಯೆ) ವಿನಾಯಿತಿ ಇಲ್ಲ. 2025-26ರ ಆದಾಯಕ್ಕೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಶೂನ್ಯ. ಈ ಗುಂಪಿನವರ ಫೈಲಿನಲ್ಲಿ ಅರ್ಧ ಖಾನೆ ಖಾಲಿ ಹೊಡೆಯುತ್ತದೆ, ನೂರು ರೂಪಾಯಿಯ ಐದು ಖಾನೆಯದ್ದೇ ಸಾಕು. ಆದರೆ ಷೇರು, ಈಕ್ವಿಟಿ ಫಂಡ್ ಮಾರಿದ ಲಾಭಕ್ಕೆ ಆ ಶೂನ್ಯದ ರಿಯಾಯಿತಿ ಅನ್ವಯಿಸುವುದಿಲ್ಲ, ಆ ಖಾನೆಯನ್ನು ಮುಚ್ಚಬೇಡಿ. ಗೃಹಸಾಲವೂ ಬಾಡಿಗೆಯೂ ಎರಡೂ ಇರುವವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಲೇಬೇಕು. ಸಂಬಳದಾರರು ಪ್ರತಿ ವರ್ಷ ರಿಟರ್ನ್ಸ್‌ನಲ್ಲೇ ಆಯ್ಕೆ ಬದಲಿಸಬಹುದು, ಕೊನೆಯ ದಿನಾಂಕದೊಳಗೆ ಸಲ್ಲಿಸಿದರೆ ಮಾತ್ರ. ತಡವಾದರೆ ಹಳೆಯ ಪದ್ಧತಿ ಕೈತಪ್ಪುತ್ತದೆ, ಮೇಲೆ 5,000ದವರೆಗೆ ದಂಡ. ಹಳೆಯದನ್ನು ಆರಿಸಿದರೆ ಮೊತ್ತ ತುಂಬಿ ಕೈತೊಳೆದುಕೊಳ್ಳುವ ಕಾಲವೂ ಹೋಯಿತು. 2025-26ರ ಅಸೆಸ್‌ಮೆಂಟ್ ಇಯರ್‌ನಿಂದ ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಬಾಕಿ ಎಲ್ಲವನ್ನೂ ಕೇಳುತ್ತಾರೆ. ಇವುಗಳನ್ನು ಆಯಾ ಖಾನೆಯ ಮೊದಲ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟರೆ ತುಂಬುವ ಕೆಲಸ ಸಲೀಸು.

ಬೈದದ್ದಾಯಿತು, ಇನ್ನು ಈ ಫೈಲನ್ನು ಕೈಬಿಡಲು ಮನಸ್ಸು ಬಾರದ ಕಾರಣ. ಜೂನ್ ಮೂರನೇ ವಾರ. ಆಫೀಸಿನವರು ಫಾರ್ಮ್ 16 ಕೊಡಬೇಕಾದ ಜೂನ್ 15 ಕಳೆದಿರುತ್ತದೆ. ಬ್ಯಾಂಕು, ಕಂಪನಿಗಳು ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಮೇ 31 ಗಡುವಾದ್ದರಿಂದ ಎಐಎಸ್ (ನಮ್ಮ ಆದಾಯ, ವಹಿವಾಟಿನ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿ) ಕೂಡ ತುಂಬಿಕೊಂಡಿರುತ್ತದೆ. ಅದಕ್ಕೂ ಮುಂಚೆ ತೆಗೆದ ಎಐಎಸ್ ಅರೆಬೆಂದದ್ದು. ಎಐಎಸ್ ಪಿಡಿಎಫ್‌ಗೆ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್ ಮತ್ತು ಹುಟ್ಟಿದ ದಿನಾಂಕದ ಎಂಟು ಅಂಕಿ, ನಡುವೆ ಜಾಗ ಬಿಡದೆ. ಟಿಡಿಎಸ್ ಪಟ್ಟಿಯಾದ 26ಎಎಸ್‌ಗೆ ಹುಟ್ಟಿದ ದಿನಾಂಕವಷ್ಟೇ. ಫಂಡ್ ವಹಿವಾಟು ಹೆಚ್ಚಿದ್ದವರ ಎಐಎಸ್ ಪುಟಗಟ್ಟಲೆ ಬೆಳೆಯುತ್ತದೆ. ಎಐಎಸ್‌ನ ಸಾರಾಂಶವಾದ ಟಿಐಎಸ್ ಪೂರ್ತಿ, ಎಐಎಸ್‌ನಲ್ಲಿ ಬೇಕಾದ ಪುಟ ಮಾತ್ರ ಪ್ರಿಂಟ್ ತೆಗೆದರೆ ಸಾಕು.

ಆಮೇಲಿನ ಕೆಲಸವೇ ಇದರ ಸೊಗಸು. ಭಾನುವಾರ ಬೆಳಗ್ಗೆ ಕಾಫಿ ಪಕ್ಕಕ್ಕಿಟ್ಟು, ಇಲಾಸ್ಟಿಕ್ ಕಳಚಿ, ಫೈಲನ್ನು ಮೇಜಿನ ಮೇಲೆ ನಿಲ್ಲಿಸಿದರೆ ಹದಿಮೂರು ಬಾಯಿಯೂ ತೆರೆದುಕೊಳ್ಳುತ್ತವೆ. ಎಐಎಸ್ ಹಾಳೆಯ ಒಂದು ಸಾಲು ಓದಿ, ಖಾನೆಯ ಕಾಗದ ತೆಗೆದು, ಮೊತ್ತ ಹೊಂದಿದರೆ ಎರಡಕ್ಕೂ ಪೆನ್ಸಿಲ್ ಟಿಕ್. ಹೊಂದದಿದ್ದರೆ ಎಐಎಸ್ ಸಾಲಿಗೆ ಸೊನ್ನೆ ಸುತ್ತಿ ಕೊನೆಯ ಖಾನೆಗೆ. ಆ ಕೊನೆಯ ಖಾನೆಗೆ ‘ಕೇಳಬೇಕು’ ಅಂತಲೇ ಹೆಸರು. ಒಂದೇ ಬಡ್ಡಿ ಎರಡು ಸಲ ಬಂದಿರಬಹುದು, ಜಂಟಿ ಖಾತೆಯಲ್ಲಿ ಹೆಂಡತಿಯ ಬಡ್ಡಿ ಗಂಡನ ಪ್ಯಾನ್‌ಗೆ ಬಿದ್ದಿರಬಹುದು. ಪೋರ್ಟಲ್‌ನಲ್ಲಿ ಆ ಸಾಲಿಗೇ ಫೀಡ್‌ಬ್ಯಾಕ್ ಹಾಕಲು ಅವಕಾಶವಿದೆ. ನಕಲು, ಬೇರೆ ಪ್ಯಾನ್‌ಗೆ ಸೇರಿದ್ದು, ಮೊತ್ತ ಸರಿಯಿಲ್ಲ, ಹೀಗೆ ಆಯ್ಕೆಗಳಿವೆ. ಕಂಪ್ಯೂಟರ್ ಪರದೆಯಲ್ಲಿ ಎರಡು ಕಿಟಕಿ ತೆರೆದು ಇದೇ ಕೆಲಸ ಮಾಡಬಹುದು, ಆದರೆ ಟಿಕ್ ಬಿದ್ದ ಹಾಳೆ ಕೊಡುವ ನೆಮ್ಮದಿ ಅದರಲ್ಲಿಲ್ಲ. ಇದು ಹಳೇ ಕಾಲದವರ ಅಭಿಪ್ರಾಯ ಅನ್ನಿ, ಪರವಾಗಿಲ್ಲ.

ಸಲ್ಲಿಸಿದ ಮೇಲೆ ಇ-ವೆರಿಫೈಗೆ 30 ದಿನ. ಆಧಾರ್ ಒಟಿಪಿ ಬರದವರು ಐಟಿಆರ್-ವಿ (ಸಲ್ಲಿಕೆಯ ಸ್ವೀಕೃತಿ ಪತ್ರ) ಪ್ರಿಂಟ್‌ಗೆ ನೀಲಿ ಶಾಯಿಯಲ್ಲಿ ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ರಿಟರ್ನ್ಸ್ ಸಂಸ್ಕರಣಾ ಕೇಂದ್ರ), ಪಿನ್ 560500, ಸ್ಪೀಡ್ ಪೋಸ್ಟ್ ಮಾಡಬಹುದು. ದೇಶದ ಯಾವ ಮೂಲೆಯಿಂದ ಕಳಿಸಿದರೂ ವಿಳಾಸ ಇದೇ. ರಸೀದಿಯನ್ನು ಮೊದಲ ಖಾನೆಗೆ ಅಂಟಿಸಿದ ಹಾಳೆಯಾಗಿಯೇ ಹಾಕಿ, ಚೀಟಿಯಾಗಿ ಅಲ್ಲ.

ಐದಕ್ಕೆ ಮೂರೂವರೆ ಕೊಡಬಹುದು. ಮುಂಭಾಗದಲ್ಲಿ ಜಿಪ್ ಇರುವ ಒಂದು ಸಣ್ಣ ಚೀಲ ಹೊಲಿದಿದ್ದರೆ ನಾಲ್ಕೂವರೆ ಆಗುತ್ತಿತ್ತು. ಕೊಳ್ಳುವವರು ಎ4 ಅಲ್ಲ, ಅದಕ್ಕಿಂತ ಉದ್ದದ ಎಫ್‌ಸಿ (ಫೂಲ್‌ಸ್ಕ್ಯಾಪ್) ಅಳತೆಯದ್ದನ್ನೇ ಕೇಳಿ. ಬಾಡಿಗೆ ಕರಾರು ಲೀಗಲ್ ಅಳತೆಯ ಹಾಳೆಯಲ್ಲಿದ್ದರೆ ಎ4 ಫೈಲಿನ ಮುಚ್ಚಳ ಬೀಳುವುದಿಲ್ಲ, ಮಡಚಿ ತುರುಕಿದರೆ ಸ್ಟಾಂಪ್ ಭಾಗದಲ್ಲೇ ಸುಕ್ಕು. ಇಲಾಸ್ಟಿಕ್ ಗುಂಡಿಯದ್ದು ಬೇಡ, ಎರಡನೇ ವರ್ಷಕ್ಕೇ ಸಡಿಲಾಗುತ್ತದೆ. ತಿರುಗಿಸುವ ಪ್ಲಾಸ್ಟಿಕ್ ಕೊಂಡಿ ಇರುವುದು ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ, ಅದನ್ನೇ ತಗೊಳ್ಳಿ.